ಬೇಕೆಂದೇ ಮಾಡಿದ ತಪ್ಪು

ಮುಖ್ಯೋಪಾಧ್ಯಾಯಿನಿಯ ಕುರ್ಚಿ ಸಿಗುವ ಮೊದಲೇ, ಅದರಲ್ಲಿ ಕೂರುವ ದಿನ ತೊಡಬೇಕಾದ ರವಿಕೆಯನ್ನು ನಾನು ಹೊಲಿಯಲು ಕೊಟ್ಟಾಗಿತ್ತು. ಹಸಿರು ರೇಷ್ಮೆ, ಮೊಣಕೈವರೆಗೆ ತೋಳು, ಅಂಚಿಗೆ ಸಣ್ಣ ಜರಿ. ಹೊಲಿಯುವವಳು ನನ್ನದೇ ಒಂಬತ್ತನೆಯ ತರಗತಿಯ ನಮಿತಾಳ ತಾಯಿ ಚಂದ್ರವ್ವ. ಬೈಕುಲ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ದಿನವಿಡೀ ಬಟ್ಟೆ ಕತ್ತರಿಸುವ ಆಕೆ, ಭಾನುವಾರ ಮಾತ್ರ ತನ್ನ ಮನೆಯಲ್ಲಿ ಗುರುತಿನವರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು.

"ಯಾವ ತಾರೀಖಿಗೆ ಬೇಕ್ರಿ ಟೀಚರ್?" ಎಂದು ಅಳತೆ ತೆಗೆಯುತ್ತ ಕೇಳಿದಳು.

"ತಿಂಗಳ ಕೊನೆಗೆ."

"ಮನ್ಯಾಗ ಮದುವಿ ಐತೇನ್ರಿ?"

"ಹಾಗೇ ಅಂದುಕೊಳ್ಳಿ" ಎಂದೆ. ನಾಚಿಕೆಯೂ ಆಯಿತು. ಐವತ್ತನಾಲ್ಕು ವರ್ಷಕ್ಕೆ ನಾಚುವುದಕ್ಕೂ ಒಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು.

ದಾದರಿನ ನಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮುಖ್ಯೋಪಾಧ್ಯಾಯಿನಿ ಶೀಲಾವತಿ ಮೇಡಂ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಇಬ್ಬರ ಹೆಸರಿತ್ತು. ಒಂದು ನನ್ನದು, ಇನ್ನೊಂದು ವಿಜೇತಾಳದು. ಸಾಧಾರಣವಾಗಿ ಸೇವೆಯ ವರ್ಷಗಳನ್ನು ನೋಡಿ ನನಗೇ ಕೊಡಬೇಕಿತ್ತು. ಆದರೆ ಆಡಳಿತ ಸಮಿತಿಯವರಿಗೆ ಈ ಸಲ ಏನೋ ಉತ್ಸಾಹ ಬಂದು, ಇಬ್ಬರೂ ಒಂದೊಂದು ಪ್ರಾತ್ಯಕ್ಷಿಕೆ ಪಾಠ ಮಾಡಿ ತೋರಿಸಲಿ, ನಾವೇ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇವೆ ಎಂದಿದ್ದರು. ನನಗೆ ಉಳಿದಿರುವುದು ನಾಲ್ಕು ವರ್ಷ. ವಿಜೇತಾಳಿಗೆ ಮೂವತ್ತೊಂಬತ್ತು. ಅವಳು ಒಂದು ಸಲ ಆ ಕುರ್ಚಿಯಲ್ಲಿ ಕೂತರೆ ನಾನು ಅದನ್ನು ನೋಡುತ್ತಲೇ ಮನೆಗೆ ಹೋಗಬೇಕು.

ನಾನು ಆರಿಸಿಕೊಂಡ ಪಾಠ ಸರ್ವಸಮ ತ್ರಿಭುಜಗಳು ಮತ್ತು ಅವುಗಳ ಅನುರೂಪ ಭಾಗಗಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ ಎನ್ನುವಂಥ ಪಾಠ. ಒಂದು ತ್ರಿಭುಜವನ್ನು ಇನ್ನೊಂದರ ಮೇಲೆ ಇಟ್ಟರೆ ಚೂರೂ ಹೊರಗೆ ಉಳಿಯದಂತೆ ಕೂರಬೇಕು, ಆಗ ಅವು ಸರ್ವಸಮ. ಯಾವ ಮೂಲೆ ಯಾವ ಮೂಲೆಯ ಮೇಲೆ ಕೂತಿತೋ ಅದು ಅದಕ್ಕೆ ಜೊತೆ. ಹೆಸರು ಬರೆಯುವಾಗ ಆ ಜೊತೆಯ ಕ್ರಮವನ್ನು ತಪ್ಪಿಸಬಾರದು. ಮಕ್ಕಳು ತಪ್ಪುವುದು ಇಲ್ಲಿಯೇ, ನಾನು ಇಪ್ಪತ್ತಾರು ವರ್ಷ ಅಂಕ ಕಳೆಯುತ್ತ ಬಂದಿರುವುದೂ ಇಲ್ಲಿಯೇ.

ಪಾಠದ ಚಿಂತೆ ಎಷ್ಟು ಹಿಡಿದಿತ್ತೆಂದರೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಎದುರು ಕೂತವಳ ಬದಲು ನನಗೆ ವಿಜೇತಾ ಕಾಣುತ್ತಿದ್ದಳು. ಅವಳನ್ನು ಪಕ್ಕಕ್ಕಿಟ್ಟುಕೊಂಡು ಭಾಗಕ್ಕೆ ಭಾಗ ಹೋಲಿಸುತ್ತಿದ್ದೆ. ನನ್ನ ಎಂ.ಎಸ್ಸಿ.ಗೆ ಅವಳ ಎಂ.ಎಸ್ಸಿ. ನನ್ನ ಮೈಸೂರಿಗೆ ಅವಳ ಉಡುಪಿ. ನನ್ನ ಇಪ್ಪತ್ತಾರು ವರ್ಷಕ್ಕೆ ಅವಳ ಹನ್ನೊಂದು. ನನ್ನ ಮೊಣಕಾಲು ನೋವಿಗೆ ಮಾತ್ರ ಅವಳಲ್ಲಿ ಜೊತೆ ಸಿಗುತ್ತಿರಲಿಲ್ಲ. ಮಕ್ಕಳು ಅವಳ ತರಗತಿಯಿಂದ ನಗುತ್ತ ಹೊರಗೆ ಬರುವುದಕ್ಕೆ ನನ್ನಲ್ಲಿಯೂ ಜೊತೆ ಸಿಗಲಿಲ್ಲ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ರಟ್ಟಿನ ತ್ರಿಭುಜಗಳನ್ನು ಮಾಡಿಕೊಟ್ಟದ್ದು ನನ್ನ ಗಂಡ ಸತ್ಯಮೂರ್ತಿ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಇಂಥ ಕೆಲಸ ಕೊಟ್ಟರೆ ಪಾಯಸ ಕೊಟ್ಟಷ್ಟು ಸಂತೋಷ. ಸೀರೆಯ ಪೆಟ್ಟಿಗೆಯ ರಟ್ಟನ್ನು ಎರಡು ಪದರ ಜೋಡಿಸಿ ಒಟ್ಟಿಗೆ ಕತ್ತರಿಸಿದರು. ಎಡಕ್ಕೆ ಗೇಣುದ್ದದ ಗಿಡ್ಡ ಬಾಹು, ಬಲಕ್ಕೆ ಒಂದೂವರೆ ಗೇಣಿನ ಉದ್ದ ಬಾಹು, ಕೆಳಗೆ ಪಾದ. ಅವುಗಳ ಮೇಲೆ ನೀಲಿ ಮಿಣುಕು ಕಾಗದ ಅಂಟಿಸಿದರು. ಹಿಂಬದಿಗೂ ಅದನ್ನೇ ಅಂಟಿಸಿದರು.

"ಹಿಂದೆ ಯಾಕೆ ರೀ? ಯಾರು ನೋಡ್ತಾರೆ?"

"ಒಂದೇ ಕಡೆ ಅಂಟಿಸಿದ್ರೆ ರಟ್ಟು ಬಾಗುತ್ತೆ ಕಣೇ. ನಿನಗೆ ಗಣಿತ ಗೊತ್ತು, ಗೋಂದು ಗೊತ್ತಿಲ್ಲ."

ಮುಂದೆ ಆದದ್ದಕ್ಕೆಲ್ಲ ಇವರ ಈ ಅಚ್ಚುಕಟ್ಟೇ ಕಾರಣ ಎಂದು ನಾನು ಹಲವು ದಿನ ಮನಸ್ಸಿನಲ್ಲೇ ಅಂದುಕೊಂಡು ತಿರುಗಿದೆ.

ಇನ್ನು ನಮ್ಮ ಶಾಲೆಯ ಒಂದು ಪದ್ಧತಿಯನ್ನು ಹೇಳಬೇಕು. ಯಾರಾದರೂ ನೋಡಲು ಬರುತ್ತಾರೆಂದರೆ ಆ ಪಾಠವನ್ನು ಅದೇ ಮಕ್ಕಳಿಗೆ ಮೊದಲೇ ಮೂರು ದಿನ ಮಾಡಿ ಮುಗಿಸಿರುತ್ತೇವೆ. ಪ್ರಶ್ನೆಗಳೂ ಅವೇ, ಉತ್ತರಗಳೂ ಅವೇ. ಪ್ರಶ್ನೆ ಕೇಳಿದ ಕೂಡಲೇ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದಿನಿಂದ ನೋಡುವವರಿಗೆ ಕೈಗಳ ಕಾಡು ಕಾಣುತ್ತದೆ. ನಾವು ಬಲಗೈಯವರನ್ನು ಮಾತ್ರ ಎಬ್ಬಿಸುತ್ತೇವೆ. ಈ ಪದ್ಧತಿಯನ್ನು ಶಾಲೆಗೆ ತಂದವಳು ನಾನೇ ಎಂದು ಬಹಳ ವರ್ಷ ಹೆಮ್ಮೆಪಟ್ಟಿದ್ದೆ. ಕೇಳುವವರಿಗೆ ಬೇಕಾದ ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳುವುದರಲ್ಲಿ ಮದುವೆಯಾದ ಹೆಂಗಸಿಗಿಂತ ಅನುಭವಸ್ಥರು ಯಾರಿದ್ದಾರೆ.

ಇಪ್ಪತ್ತಮೂರು ಮಕ್ಕಳಲ್ಲಿ ಎಡಗೈಯವರು ಏಳು ಜನ. ಏಳನೆಯವಳು ನಮಿತಾ. ಅವಳಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅವಳು ಉತ್ತರ ಹೇಳಿದ ಮೇಲೆ ಕೂರುತ್ತಿರಲಿಲ್ಲ, ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು. ಮೊದಲ ತಾಲೀಮಿನ ದಿನವೇ ಎದ್ದು ನಿಂತು, "ಮಿಸ್, ಮ್ಯಾಲ ಇಟ್ರ ಕೂಡಬೇಕು ಅಂದ್ರಿ. ಮಗುಚಿ ಇಡಬಹುದೇನ್ರಿ, ಇಲ್ಲ ಸೀದಾನ ಇಡಬೇಕೇನ್ರಿ?" ಎಂದಳು.

"ಹೇಗೆ ಇಟ್ಟರೂ ಕೂತರೆ ಆಯ್ತು."

"ಹಂಗಾದ್ರ ನಮ್ಮವ್ವನ ಕೆಲಸದಾಗ ಆಗಂಗಿಲ್ರಿ. ಎಡ ತೋಳು, ಬಲ ತೋಳು ಒಂದರ ಮ್ಯಾಲ ಒಂದು ಕೂಡ್ತಾವ, ಆದ್ರ ಒಂದನ್ನ ಮಗುಚಿದ್ರಷ್ಟ ಕೂಡ್ತಾವ. ಬಟ್ಟಿಗೆ ಹಿಂದು ಮುಂದು ಇರತೈತಲ್ರಿ."

"ನಮಿತಾ, ಇದು ಟೈಲರಿಂಗ್ ಕ್ಲಾಸ್ ಅಲ್ಲ. ನೀನು ಎಡಗೈ."

ತರಗತಿ ನಕ್ಕಿತು. ಅವಳು ಕೂತಳು. ಒಳ್ಳೆಯ ಪ್ರಶ್ನೆ ಎಂದು ನನಗೆ ಆಗಲೇ ಗೊತ್ತಿತ್ತು. ಆದರೆ ಸಮಿತಿಯವರ ಮುಂದೆ ಒಳ್ಳೆಯ ಪ್ರಶ್ನೆಗಿಂತ ಅಪಾಯಕಾರಿಯಾದದ್ದು ಬೇರೊಂದಿಲ್ಲ.

ಪಾಠದ ದಿನ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಬೆಂಚು ತುಂಬಿತು. ಸಮಿತಿಯ ಅಧ್ಯಕ್ಷರಾದ ರಮಾನಾಥ ಶೆಟ್ಟರು, ಇನ್ನಿಬ್ಬರು ಸದಸ್ಯರು, ಶೀಲಾವತಿ ಮೇಡಂ, ಕೊನೆಯಲ್ಲಿ ವಿಜೇತಾ. ಅವಳ ಪಾಠ ಹಿಂದಿನ ದಿನವೇ ಆಗಿತ್ತು, ಚೆನ್ನಾಗಿತ್ತು ಎಂದು ಕೇಳಿ ನನಗೆ ರಾತ್ರಿ ಊಟ ಸೇರಿರಲಿಲ್ಲ. ಶೆಟ್ಟರಿಗೆ ದಾದರ್ ಸ್ಟೇಷನ್ನಿನ ಹತ್ತಿರ ಹೋಟೆಲು. ಅವರ ಜೊತೆ ಇಡ್ಲಿ ವಡೆಯ ಸ್ಟೀಲ್ ಡಬ್ಬಗಳೂ ಬಂದಿದ್ದವು. ಮಕ್ಕಳ ಅರ್ಧ ಕಣ್ಣು ಹಲಗೆಯ ಮೇಲೆ, ಅರ್ಧ ಕಣ್ಣು ಆ ಡಬ್ಬಗಳ ಮೇಲೆ.

ನಾನು ಮೊದಲ ತ್ರಿಭುಜವನ್ನು ಹಲಗೆಗೆ ಅಂಟಿಸಿದೆ. ತುದಿಗೆ A, ಎಡಕ್ಕೆ B, ಬಲಕ್ಕೆ C ಎಂದು ಸೀಮೆಸುಣ್ಣದಲ್ಲಿ ಬರೆದೆ. ಎರಡನೆಯದನ್ನು ಕೈಗೆತ್ತಿಕೊಂಡಾಗ ಶೆಟ್ಟರು ಕೆಮ್ಮಿದರು. ಬರೀ ಕೆಮ್ಮು. ಆದರೆ ನಾನು ತಿರುಗಿ ನೋಡಿದೆ, ನಕ್ಕೆ, ಸೆರಗು ಸರಿಮಾಡಿಕೊಂಡೆ, ಆ ಸರಿಮಾಡಿಕೊಳ್ಳುವುದರಲ್ಲಿ ರಟ್ಟು ಈ ಕೈಯಿಂದ ಆ ಕೈಗೆ ಹೋಗಿ ಬಂತು. ಅಂಟಿಸಿದೆ. ತುದಿಗೆ P, ಎಡಕ್ಕೆ Q, ಬಲಕ್ಕೆ R. ಮೂರು ದಿನದ ಅಭ್ಯಾಸ, ಕೈ ತಾನಾಗಿ ಬರೆಯಿತು.

"ಈಗ ಹೇಳಿ, AB ಬಾಹುವಿಗೆ ಅನುರೂಪವಾದ ಬಾಹು ಯಾವುದು?"

ಕಾಡು ಎದ್ದಿತು. ಸುಹಾಸನ ಬಲಗೈಯನ್ನು ಆರಿಸಿದೆ.

"PQ ಮಿಸ್."

"ಶಹಬ್ಬಾಸ್. B ಕೋನಕ್ಕೆ?"

"Q ಮಿಸ್" ಎಂದು ಇನ್ನೊಂದು ಬಲಗೈ ಹೇಳಿತು.

"ಹಾಗಾದರೆ AC ಗೆ?"

"PR" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ತಾಲೀಮಿನಲ್ಲಿಯೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಶೆಟ್ಟರು ಪಕ್ಕದವರಿಗೆ ತಲೆಯಾಡಿಸಿದ್ದು ಕಂಡಿತು. ಆ ಕ್ಷಣ ನಾನು ಹಸಿರು ರವಿಕೆಯಲ್ಲಿದ್ದೆ.

ಆಗ ನಮಿತಾಳ ಎಡಗೈ ಕಂಡಿತು. ನಾನು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ, ಉಳಿದ ಕೈಗಳೆಲ್ಲ ಇಳಿದಿದ್ದವು. ಅದೊಂದು ಮಾತ್ರ ಮೇಲಿತ್ತು. ನಾನು ಕಣ್ಣಲ್ಲೇ ಇಳಿಸು ಎಂದೆ. ಇಳಿಸಲಿಲ್ಲ. ಮುಂದಿನ ಪ್ರಶ್ನೆಗೆ ಹೋದೆ, ಅದಕ್ಕೂ ಇಳಿಯಲಿಲ್ಲ. ಬಲಗೈಯಿಂದ ಎಡಗೈಯ ಮೊಣಕೈಗೆ ಆಸರೆ ಕೊಟ್ಟುಕೊಂಡು ಕೂತಿದ್ದಳು.

"ಟೀಚರೇ" ಎಂದರು ಹಿಂದಿನಿಂದ ಶೆಟ್ಟರು. "ಆ ಹುಡುಗಿ ಆಗಿನಿಂದ ಕೈ ಎತ್ತಿ ಎತ್ತಿ ಸುಸ್ತಾಗಿದೆ. ಅದಕ್ಕೂ ಒಂದು ಚಾನ್ಸ್ ಕೊಡಿ ಮಾರಾಯ್ರೆ."

ಎಬ್ಬಿಸಲೇಬೇಕಾಯಿತು.

"ಮಿಸ್, ಆ ತುಂಡು ಉಲ್ಟಾ ಐತ್ರಿ" ಎಂದಳು ನಮಿತಾ, ನನಗೊಬ್ಬಳಿಗೇ ಹೇಳುವ ಹಾಗೆ ಸಣ್ಣ ದನಿಯಲ್ಲಿ. "AB ಗಿಡ್ಡ ಐತಿ. PQ ಉದ್ದ ಐತಿ. ಅವು ಹೆಂಗ ಸಮ ಆಗ್ತಾವ್ರಿ?"

ತಿರುಗಿ ನೋಡಿದೆ. ಎಡಗಡೆಯ ತ್ರಿಭುಜದಲ್ಲಿ ಗಿಡ್ಡ ಬಾಹು ಎಡಕ್ಕೆ. ಬಲಗಡೆಯದರಲ್ಲಿ ಗಿಡ್ಡ ಬಾಹು ಬಲಕ್ಕೆ. ಕನ್ನಡಿಯಲ್ಲಿ ನೋಡಿಕೊಂಡ ಹಾಗೆ ಅವೆರಡೂ ಎದುರುಬದುರು ನಿಂತಿದ್ದವು. ಹಿಂದೆ ಮುಂದೆ ಒಂದೇ ನೀಲಿ, ಮಗುಚಿದ್ದು ಗೊತ್ತಾಗುವ ಹಾಗೆಯೇ ಇರಲಿಲ್ಲ. ಗೇಣುದ್ದದ ಗೆರೆಯನ್ನು ಒಂದೂವರೆ ಗೇಣಿನ ಗೆರೆಗೆ ಸಮ ಎಂದು ಇಪ್ಪತ್ತೆರಡು ಮಕ್ಕಳ ಬಾಯಲ್ಲಿ ಹೇಳಿಸಿ, ಶಹಬ್ಬಾಸ್ ಎಂದಿದ್ದೆ. ಅಂಗಡಿಯಲ್ಲಿ ಹೀಗೆ ರಿಬ್ಬನ್ ಅಳೆದುಕೊಟ್ಟರೆ ಜಗಳ ತೆಗೆಯುವವಳು ನಾನು.

ನನ್ನ ಮುಖದಲ್ಲಿ ಆಗ ಏನು ಕಂಡಿತೋ ನನಗೆ ತಿಳಿಯದು. ಎದುರು ಕೂತ ಮಕ್ಕಳಿಗೆ ಕಂಡಿತು.

"ಹಾಗಾದರೆ ಹೇಗಾಗಬೇಕು, ನೀನೇ ಬಂದು ಹೇಳು" ಎಂದೆ.

ನಮಿತಾ ಬಂದು ರಟ್ಟನ್ನು ಕಿತ್ತು, ತೋಳಿನ ಬಟ್ಟೆ ಮಗುಚುವ ಹಾಗೆ ಮಗುಚಿ ಮೊದಲನೆಯದರ ಮೇಲಿಟ್ಟು ತೋರಿಸಿದಳು. ಮತ್ತೆ ಉಲ್ಟಾ ಇಟ್ಟು, "ಹಿಂಗ ಇದ್ರ A ಗೆ P. ಆದ್ರ B ಗೆ R, C ಗೆ Q. ABC ಮುಂದ PRQ ಅಂತ ಬರೀಬೇಕ್ರಿ" ಎಂದಳು. ಹಲಗೆಯ ಮೇಲೆ ಬರೆದಳು ಕೂಡ. ಬರೆದು, ಎಡಗೈಯವರ ಬೆಂಚಿಗೆ ಹೋಗಿ ಕೂತಳು.

ಹಿಂದಿನಿಂದ ಒಂದೇ ಸಮನೆ ಚಪ್ಪಾಳೆ. ಶೆಟ್ಟರು ಎದ್ದು ನಿಂತಿದ್ದರು.

"ಟೀಚರೇ, ಒಂದು ಮಾತು ಕೇಳ್ತೇನೆ. ನಾನು ಹೋಟೆಲಿಗೆ ಹೊಸ ಅಡಿಗೆಯವನನ್ನು ತೆಗೆದುಕೊಳ್ಳುವಾಗ ಮೊದಲು ಒಂದು ಬಟ್ಟಲು ಉಪ್ಪಿಲ್ಲದ ಸಾಂಬಾರು ಕೊಡ್ತೇನೆ. ಧಣಿ ಕೊಟ್ಟದ್ದು ಅಂತ ಒಳ್ಳೆದುಂಟು ಅಂದವನನ್ನು ಮನೆಗೆ ಕಳಿಸ್ತೇನೆ. ಉಪ್ಪಿಲ್ಲ ಅಂದವನಿಗೆ ಕೆಲಸ. ನೀವು ಮಾಡಿದ್ದು ಅದೇ ಅಲ್ವಾ? ಬೇಕೆಂದೇ ತಪ್ಪು ಬರೆದದ್ದು?"

ತರಗತಿ ನನ್ನನ್ನು ನೋಡಿತು. ಇಪ್ಪತ್ತಮೂರು ಮುಖ. ಬೆಂಚಿನ ತುದಿಯಲ್ಲಿ ವಿಜೇತಾ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

"ಹೌದು ಸರ್" ಎಂದೆ.

ಎರಡೇ ಪದ. ಅಷ್ಟು ಸಲೀಸಾಗಿ ಬಂದವೆಂದರೆ, ಅವಕ್ಕೂ ತಾಲೀಮು ಮಾಡಿದ್ದೆನೇನೋ ಎನ್ನಿಸಿತು.

ಸೋಮವಾರ ಒಂಬತ್ತನೆಯ ತರಗತಿಯಲ್ಲಿ ಹಲಗೆಯ ಮೇಲೆ ಏಳೆಂಟಲ ಐವತ್ನಾಲ್ಕು ಎಂದು ಬರೆದೆ. ನಿಜವಾಗಿ ಕೈ ತಪ್ಪಿದ್ದು. ಸುಹಾಸ ಎದ್ದು ನಿಂತು ಬಹಳ ವಿನಯದಿಂದ, "ಮಿಸ್, ಬೇಕೆಂದೇ ಬರೆದ್ರಾ?" ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಆ ವಾರ ನಾನು ತಾರೀಖು ತಪ್ಪು ಬರೆದಾಗ, ಹಾಜರಿಯಲ್ಲಿ ಹೆಸರು ಬಿಟ್ಟಾಗ, ಬಾಟಲಿಯ ನೀರು ಚೆಲ್ಲಿದಾಗ, ಅದೇ ಪ್ರಶ್ನೆ ಅದೇ ವಿನಯದಿಂದ ಬಂತು. ನಮಿತಾ ಮಾತ್ರ ಕೇಳಲಿಲ್ಲ. ಅವಳು ಕೇಳದೆ ಸುಮ್ಮನಿದ್ದದ್ದು ಅದೇ ಮೊದಲು. ನನಗೆ ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಬುಧವಾರ ಶೀಲಾವತಿ ಮೇಡಂ ಕರೆದು, "ರಮಾಮಣಿ, ನಿಮ್ಮದೇ ಅಂತ ತಿಳ್ಕೊಳ್ಳಿ. ಶನಿವಾರ ಸಮಿತಿ ಸೇರಿ ಬರೆದುಕೊಡ್ತಾರೆ" ಎಂದರು. ನನಗೆ ಕಣ್ಣು ತುಂಬಿತು. ಅವರು ಮುಂದುವರಿಸಿದರು. "ಇನ್ನೊಂದು ವಿಷಯ. ಶೆಟ್ಟರಿಗೆ ನಿಮ್ಮ ಪಾಠ ಬಹಳ ಹಿಡಿಸಿಬಿಟ್ಟಿದೆ. ಶುಕ್ರವಾರ ಬೇರೆ ಶಾಲೆಗಳ ಟೀಚರುಗಳೂ ಬರ್ತಾರೆ. ಅದೇ ಪಾಠವನ್ನು ಹಾಗೆಯೇ ಮಾಡಿ ತೋರಿಸಬೇಕಂತೆ. ಅದೇ ತಪ್ಪು, ಅದೇ ಹುಡುಗಿ."

ಮನೆಗೆ ಬಂದು ಅಭ್ಯಾಸಕ್ಕೆ ಕೂತೆ. ಹಾಲ್‌ನ ಗೋಡೆಯೇ ಹಲಗೆ, ಸತ್ಯಮೂರ್ತಿಯವರೇ ತರಗತಿ. ತಪ್ಪು ಬರಲೇ ಇಲ್ಲ. ರಟ್ಟನ್ನು ಮಗುಚಿ ಅಂಟಿಸಿದರೆ ಕೈ ಸರಿಯಾಗಿ ಎಡಕ್ಕೆ R ಬರೆಯುತ್ತಿತ್ತು. ಒತ್ತಾಯದಿಂದ Q ಬರೆದರೆ ದನಿ ಏರುತ್ತಿತ್ತು. ಕೆಮ್ಮಿ ಅಂದೆ ಇವರಿಗೆ, ಕೆಮ್ಮಿದರು, ಸೆರಗು ಸರಿಮಾಡಿಕೊಂಡೆ, ಆದರೂ ಬರಲಿಲ್ಲ. ಇಪ್ಪತ್ತಾರು ವರ್ಷ ಮಕ್ಕಳು ಯಾವ ಶ್ರಮವೂ ಇಲ್ಲದೆ ಮಾಡುತ್ತ ಬಂದ ತಪ್ಪು ನನಗೆ ನಾಲ್ಕು ಸಲ ಪ್ರಯತ್ನಿಸಿದರೂ ಕೂಡಿಬರಲಿಲ್ಲ.

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಏನೋ ಕದ್ದಿದೀಯ ಅಂತ" ಎಂದರು ಇವರು. "ಅವತ್ತು ಹೇಗೆ ಮಾಡಿದ್ಯೋ ಹಾಗೆ ಮಾಡು."

ಅವತ್ತು ಹೇಗೆ ಮಾಡಿದೆನೆಂದು ಇವರಿಗೂ ಹೇಳಿರಲಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ನಮಿತಾಳನ್ನು ಸ್ಟಾಫ್ ರೂಮಿನ ಹೊರಗೆ ಕರೆದೆ. ಶುಕ್ರವಾರದ ವಿಷಯ ಹೇಳಿದೆ. ನಾನು ತಪ್ಪು ಬರೆಯುತ್ತೇನೆ, ನೀನು ಎದ್ದು ಹೇಳಬೇಕು, ಅವತ್ತಿನ ಹಾಗೆಯೇ.

ಅವಳು ಡಬ್ಬಿಯ ಮುಚ್ಚಳವನ್ನು ತಿರುವುತ್ತ ಯೋಚಿಸಿದಳು. "ಆಗ್ಲಿ ಮಿಸ್. ಯಾವ ಕೈ ಎತ್ಲಿ?"

ಯಾರಾದರೂ ಕೇಳಿಸಿಕೊಂಡರೇ ಎಂದು ಸ್ಟಾಫ್ ರೂಮಿನ ಬಾಗಿಲತ್ತ ನೋಡಿದೆ.

"ಬಲಗೈ ಎತ್ತಿದ್ರ ಗೊತ್ತಿತ್ತು ಅಂದಂಗ ಆಕೈತ್ರಿ. ಎಡಗೈ ಎತ್ತಿದ್ರ ನೀವು ಎಬ್ಬಸಂಗಿಲ್ಲ." ನಿಜವಾದ ಅನುಮಾನದಿಂದಲೇ ಕೇಳುತ್ತಿದ್ದಳು, ಕುಹಕವಿರಲಿಲ್ಲ. "ಮತ್ತ ಮಿಸ್, ಅವತ್ತು ನೀವು ತಿರುಗಿ ನೋಡಿ ಹೆದರಿದ್ರಲ್ರಿ. ಅದನ್ನೂ ಮಾಡ್ತೀರೇನ್ರಿ? ಅದು ಬರಲಿಲ್ಲಾಂದ್ರ ನನಗ ನಗು ಬರತೈತ್ರಿ."

"ನೀನು ಊಟ ಮಾಡು ಹೋಗು" ಎಂದೆ.

ಆಮೇಲೆ ಮಾಡಿದ್ದನ್ನು ಪ್ರಾಮಾಣಿಕತೆ ಎಂದು ಬರೆಯಲು ನನಗೂ ಆಸೆ. ನಿಜವೆಂದರೆ, ಆ ಹೆದರಿದ ಮುಖವನ್ನು ಇನ್ನೊಮ್ಮೆ ಮಾಡಲು ನನಗೆ ಬರುತ್ತಿರಲಿಲ್ಲ. ಬಂದಿದ್ದರೆ ಹೇಗೋ ಏನೋ. ಮೆಟ್ಟಿಲ ಕೆಳಗೆ, ನೀರಿನ ನಲ್ಲಿಯ ಹತ್ತಿರ ನಿಂತು ಶೆಟ್ಟರಿಗೆ ಫೋನ್ ಮಾಡಿದೆ.

"ಸರ್, ಅವತ್ತಿನದು ಬೇಕೆಂದೇ ಮಾಡಿದ ತಪ್ಪಲ್ಲ. ನಿಜವಾಗಿ ತಪ್ಪಿದ್ದೆ. ಆ ಹುಡುಗಿ ಹೇಳದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಆ ಕಡೆ ಪಾತ್ರೆಗಳ ಸದ್ದು, ಯಾರೋ ಎರಡು ಮಸಾಲೆ ದೋಸೆ ಎಂದು ಕೂಗಿದ್ದು ಕೇಳಿತು. ಶೆಟ್ಟರು, "ಎಂತ ಟೀಚರೇ" ಎಂದರು. "ಇದನ್ನು ನೀವು ಹೇಳದೇ ಇರಬಹುದಿತ್ತಲ್ಲ. ಈಗ ನಾನು ಸಮಿತಿಯಲ್ಲಿ ಹೇಳಬೇಕಾಗ್ತದೆ."

"ಹೇಳಿ ಸರ್."

"ತಪ್ಪಿದ್ದು ದೊಡ್ಡದಲ್ಲ. ನನ್ನ ಹತ್ರ ಹೌದು ಅಂದ್ರಿ ನೋಡಿ, ಅದು. ನಾನು ಆ ಮಾತನ್ನು ನಾಲ್ಕು ಜನರ ಹತ್ರ ಹೊಗಳಿಕೊಂಡು ಬಂದೆ ಮಾರಾಯ್ರೆ."

"ಗೊತ್ತು ಸರ್."

ಫೋನಿಟ್ಟು ತಿರುಗಿದರೆ ವಿಜೇತಾ ನಲ್ಲಿಯಲ್ಲಿ ಬಾಟಲಿಗೆ ನೀರು ಹಿಡಿಯುತ್ತಿದ್ದಳು. ನಾನು ಏನೋ ಹೇಳಹೊರಟೆ.

"ನಾನು ಅವತ್ತು ಅಲ್ಲೇ ಇದ್ದೆ ಅಲ್ವಾ ಅಕ್ಕ" ಎಂದಳು ಅವಳು. "ನೀವು ರಟ್ಟು ಹಿಡಿದುಕೊಂಡಾಗಲೇ ನೋಡಿದೆ, ಇದು ಮಗುಚ್ತದೆ ಅಂತ."

"ಮತ್ತೆ ಯಾಕೆ ಹೇಳಲಿಲ್ಲ? ಆಮೇಲಾದರೂ ಸಮಿತಿಯವರಿಗೆ?"

"ನನ್ನ ಪಾಠದಲ್ಲಿ ನಾನು ಎರಡು ಕಡೆ ತಪ್ಪಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ನನ್ನ ಕ್ಲಾಸಿನಲ್ಲಿ ಎಡಗೈ ಎತ್ತಿ ಇಟ್ಟುಕೊಳ್ಳುವವರು ಇರಲಿಲ್ಲ." ಬಾಟಲಿ ತುಂಬಿ ಚೆಲ್ಲುವವರೆಗೂ ಅವಳಿಗೂ ನನಗೂ ನಲ್ಲಿ ನಿಲ್ಲಿಸುವ ನೆನಪಾಗಲಿಲ್ಲ.

ಶುಕ್ರವಾರದ ಪಾಠ ರದ್ದಾಯಿತು. ಶನಿವಾರ ಸಮಿತಿ ಸೇರಿ ವಿಜೇತಾಳ ಹೆಸರು ಬರೆದುಕೊಟ್ಟಿತು. ಆ ಸಂಜೆ ಸತ್ಯಮೂರ್ತಿಯವರಿಗೆ ಎಲ್ಲ ಹೇಳಿದಾಗ, ಇವರು ಆ ರಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, "ಹಿಂಬದಿಗೆ ಬೇರೆ ಬಣ್ಣದ ಕಾಗದ ಹಾಕಬೇಕಿತ್ತು" ಎಂದರು. ಇವರ ಬಾಯಿಂದ ಬರಲಿ ಎಂದು ಅಷ್ಟು ದಿನ ನಾನು ಕಾಯುತ್ತಿದ್ದ ತಪ್ಪೊಪ್ಪಿಗೆ ಅದು. ಸಿಕ್ಕಾಗ ಬೇಡವೆನ್ನಿಸಿತು.

ಸೋಮವಾರ ಒಂಬತ್ತನೆಯ ತರಗತಿಗೆ ಹೋಗಿ, ಅವತ್ತು ನಾನು ಬೇಕೆಂದೇ ಬರೆದದ್ದಲ್ಲ ಎಂದೆ. ಬಹಳ ದೊಡ್ಡ ವಿಷಯ ಹೇಳುತ್ತಿದ್ದೇನೆಂದು ಗಂಟಲು ಸರಿಮಾಡಿಕೊಂಡಿದ್ದೆ.

"ಗೊತ್ತು ಮಿಸ್" ಎಂದರು ಎಲ್ಲರೂ ಒಟ್ಟಿಗೆ. ತಾಲೀಮಿಲ್ಲದೆ ಆ ತರಗತಿ ಒಟ್ಟಿಗೆ ಹೇಳಿದ ಮೊದಲ ಉತ್ತರ.

ಕೈಗಳ ಪದ್ಧತಿಯನ್ನು ಬಿಟ್ಟೆವು. ಆದರೆ ಅಭ್ಯಾಸ ಸುಲಭಕ್ಕೆ ಹೋಗುವುದಿಲ್ಲ, ಈಗಲೂ ಪ್ರಶ್ನೆ ಕೇಳಿದರೆ ಏಳೆಂಟು ಎಡಗೈ ಏಳುತ್ತವೆ. ನಾನು ಮೊದಲು ಅವರನ್ನೇ ಎಬ್ಬಿಸುತ್ತೇನೆ. ಪಾಠ ಮುಗಿಯುವುದಿಲ್ಲ. ಸರ್ವಸಮತೆಯ ಕೋನ ಬಾಹು ಕೋನ ನಿಯಮದಲ್ಲೇ ನಾವು ಇನ್ನೂ ಇದ್ದೇವೆ, ಪಕ್ಕದ ತರಗತಿ ಚತುರ್ಭುಜ ಮುಗಿಸಿತು.

ತಿಂಗಳ ಕೊನೆಯಲ್ಲಿ ಶೀಲಾವತಿ ಮೇಡಂ ಅವರನ್ನು ಬೀಳ್ಕೊಟ್ಟು ವಿಜೇತಾಳನ್ನು ಬರಮಾಡಿಕೊಳ್ಳುವ ಸಣ್ಣ ಸಮಾರಂಭವಿತ್ತು. ಹಸಿರು ರವಿಕೆ ತೊಟ್ಟುಕೊಂಡೇ ಹೋದೆ. ಹೊಲಿಸಿದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ದುಃಖಪಡುವಷ್ಟು ಜರಿ ನಾನು ಹಾಕಿಸಿರಲಿಲ್ಲ. ವಿಜೇತಾಳಿಗೆ ಹಾರ ಹಾಕುವಾಗ ಕೈ ಮೇಲೆತ್ತಿದೆ, ತೋಳು ಎಲ್ಲಿಯೂ ಹಿಡಿಯಲಿಲ್ಲ. ಆಕೆ ಬಗ್ಗಿ, "ಅಕ್ಕ, ನಾಳೆ ವೇಳಾಪಟ್ಟಿ ಹಾಕ್ಲಿಕ್ಕೆ ಸ್ವಲ್ಪ ಬನ್ನಿ, ನನಗೆ ತಲೆಬುಡ ಗೊತ್ತಿಲ್ಲ" ಎಂದು ಕಿವಿಯಲ್ಲಿ ಹೇಳಿದಳು.

ಪಾಲಕರ ಸಾಲಿನಲ್ಲಿ ನಮಿತಾಳ ಜೊತೆ ಚಂದ್ರವ್ವ ಕೂತಿದ್ದಳು. ಹೊರಗೆ ಬರುವಾಗ ನನ್ನ ತೋಳು ಹಿಡಿದು ಹೊಲಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸಮಾಧಾನವಾದ ಮೇಲೆ ಕೇಳಿದಳು.

"ಮದುವಿ ಚೊಲೋ ಆತೇನ್ರಿ ಟೀಚರ್?"

"ಆಯ್ತಮ್ಮ" ಎಂದೆ. "ಬೇರೆಯವರದು."

ನಮಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಡಗೈ.